ಕಬ್ಬಿನ್ಯಾಗ ಕೌಜುಗ ಕೂಗಿದ್ರ

ಕರೋಶ್ಯಾಗ ನಮ್ಮ ಓಣಿ ಬುದ್ಧವಿಹಾರದ ಕಟ್ಟಿ ಮ್ಯಾಲ ಸಂಜಿಮುಂದ ನಾ ಕುಂತ್ರ ಸಾಕು, ಫಾರೆಸ್ಟ್ ಗಾರ್ಡ್ ಪರೀಕ್ಷಾಕ್ಕ ಓದೂ ಹುಡುಗರು ಬಂದು ಸುತ್ತ ಕುಂದರತಾರ. ಕಾಕಾ, ಓಟ ಎಷ್ಟ್ ಓಡಸ್ತಾರ್ರಿ, ಕಾಕಾ, ಎದಿ ಎಷ್ಟ್ ಉಬ್ಬಬೇಕ್ರಿ, ಬರೇ ಇದನ್ನ ಕೇಳ್ತಾರ. ಎದಿ ಉಬ್ಬಿಸಿ ಏನ್ ಮಾಡ್ತೀರೋ ಅಂತ ನಾ ಬೈತೇನಿ. ನೌಕರಿ ಸಿಕ್ಕ ಮ್ಯಾಲ ಮಾಡೂ ಕೆಲಸ ಎಂಥಾದ್ದು ಅಂತ ಒಬ್ಬರೂ ಕೇಳಂಗಿಲ್ಲ. ಕೇಳದಿದ್ರೂ ಬರದ ಇಡತೇನಿ. ಓದೂದು ಬಿಡೂದು ಅವರ ಹಣೇಬರಹ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಇಷ್ಟೂ ಕಡೆ ನಾ ಗಾರ್ಡ್ ಅಂತ ದುಡದೇನಿ, ಕಡೀಕ ಫಾರೆಸ್ಟರ್ ಆಗಿ ಹೊರಗ ಬಂದೇನಿ. ಅಡವಿ ಅಂದ್ರ ನಿಮ್ಮ ಕಣ್ಣಾಗ ದಾಂಡೇಲಿ ಬರತೈತಿ. ನಮ್ಮ ಕಡೆ ಹಂಗ ಏನಿಲ್ಲ. ಜಾಲಿ ಕಂಟಿ, ಹುಲ್ಲಗಾವಲು, ಗುಡ್ಡದ ಮ್ಯಾಲ ನೀಲಗಿರಿ, ಉಳಿದದ್ದೆಲ್ಲ ಕಬ್ಬು, ದ್ರಾಕ್ಷಿ, ತಂಬಾಕು. ಆನಿ ಇಲ್ಲ, ಹುಲಿ ಇಲ್ಲ. ಇರೂದು ನವಲು, ಕೌಜುಗ, ಬುರ್ಲಿ ಹಕ್ಕಿ, ಮೊಲ, ತ್ವಾಳ. ಇವನ್ನ ಹೊಡ್ಯಾವರು ಎಲ್ಲಿಂದಲೋ ಬಂದ ಕಳ್ಳರಲ್ಲ. ಮದವ್ಯಾಗ ನಮ್ಮ ಮಗ್ಗಲ ಪಂಕ್ತಿಗೆ ಕುಂದರೂ ಮಂದಿ. ಅದಕ್ಕ ಇಲ್ಲಿ ಈ ನೌಕರಿ ಕಠಿಣ.

ಮದ್ಲ ಹೇಳಿಬಿಡತೇನಿ. ಹೋಳಿ ಹುಣ್ಣಿಮಿಂದ ಯುಗಾದಿ ದಾಟೂ ತನಕ ಕೌಜುಗದ ಬ್ಯಾಟಿ ಹೆಂಗ ಆಡತಾರ ಅನ್ನೂದನ್ನ ಬರ್ಯಾಕತ್ತೇನಿ. ಬ್ಯಾಟಿ ಗೊತ್ತಿಲ್ಲದಾವ ಬ್ಯಾಟಿಗಾರನ್ನ ಹಿಡ್ಯಂಗಿಲ್ಲ. ಆದ್ರ ಇದರಾಗ ಒಬ್ಬ ಮನಷ್ಯಾನ ಸಾವು ಐತಿ. ಐನಾಪುರದ ಹೊರಗಿನ ತ್ವಾಟದಾವ, ಸುರೇಶ ಅಂತ. ಅಥಣ್ಯಾಗ ಸರ್ಕಾರಿ ಆಫೀಸಿನ ಕಾರಕೂನ. ಕೌಜುಗಾನ್ನ ಬಾಯಿಲೆ ಕೂಗಿ ಕರೀತಿದ್ದ. ನಾ ಅವರ ಬದುವಿನ ಮ್ಯಾಲ ಕುಂತು ಮಜ್ಜಗಿ ಕುಡ್ಯೂ ಮುಂದ ಅವ ಅಲ್ಲೇ ಕಬ್ಬಿನೊಳಗ ರಕ್ತ ಸೋರಿ ಸಾಯಾಕತ್ತಿದ್ದ. ಒಂದು ಸಲ ನನ್ನ ಹೆಸರು ಕೂಗಿದ್ರ ಬದಕತಿದ್ದ. ಕೂಗಲಿಲ್ಲ. ಯಾಕ ಕೂಗಲಿಲ್ಲ ಅನ್ನೂದು ಖಾಕಿ ಹಾಕೊಳ್ಳಾಕ ಹೊಂಟಾವರಿಗೆ ತಿಳಿಬೇಕು, ಅದಕ್ಕ ಪೆನ್ನ ಹಿಡದೇನಿ.

ಕೌಜುಗ ಅಂದ್ರ ಬೂದಿ ಬಣ್ಣದ ನೆಲದ ಹಕ್ಕಿ, ಮರಾಠಿ ಮಂದಿ ತಿತ್ತರ ಅಂತಾರ. ಕೋಳಿಗಿಂತ ಸಣ್ಣದು. ಹೋಳಿ ದಾಟಿತಂದ್ರ ಗಂಡಿಗೆ ಹುಚ್ಚ ಹಿಡೀತೈತಿ. ನಸುಕಿನ್ಯಾಗ ಹುತ್ತದ ಮ್ಯಾಲೋ ಬದುವಿನ ಮ್ಯಾಲೋ ಹತ್ತಿ ಕೂಗತೈತಿ. ಈ ಜಾಗಾ ನಂದು, ಯಾವನರೆ ಬಂದ್ರ ಒದಿತೇನಿ, ಅಷ್ಟ ಅದರ ಮಾತು. ಇನ್ನೊಂದು ಗಂಡು ಕೂಗಿತಂದ್ರ ತಡ್ಯಂಗಿಲ್ಲ, ಜಗಳಕ್ಕ ಹೊಂಡತೈತಿ. ಹಾರಿ ಬರಂಗಿಲ್ಲ, ನಡದು ಬರತೈತಿ. ದೂರ ಇದ್ದಾಗ ಕೂಗಿಕೋಂತ ಬರತೈತಿ, ಹತ್ರ ಬಂದಂಗ ಗಪ್ಪ ಆಗತೈತಿ. ಕೂಗು ನಿಂತಿತು, ಹಕ್ಕಿ ಹೋತು ಅಂತ ಹೊಸಬ ಎದ್ದು ಹೋಗ್ತಾನ. ತಿಳದಾವ ಆವಾಗನ ಉಸರ ಹಿಡೀತಾನ.

ಅದ ವ್ಯಾಳ್ಯಾಕ್ಕ ನಮ್ಮ ಕಡೆ ಸಕ್ಕರಿ ಫ್ಯಾಕ್ಟರಿ ಹಂಗಾಮ ಮುಗ್ಯಾಕ ಬಂದಿರತೈತಿ. ಗ್ಯಾಂಗಿನವರು ಕಬ್ಬು ಕಡಕೋಂತ ಬಂದಂಗ ಒಳಗಿನ ಜೀವೆಲ್ಲ ಮಗ್ಗಲ ಹೊಲಕ್ಕ ಸರೀತಾವು. ಕಡೀಕ ಒಂದ ಹೊಲ ಉಳೀತೈತಿ, ಊರಿನ ಹಕ್ಕೆಲ್ಲ ಅದರಾಗ. ಹಿಂಗಾಗಿ ನಿಮಗ ಮದಲನೇ ಮಾತು ಇದು. ಯುಗಾದಿ ಮುಂದ ಗುಡ್ಡ ಸುತ್ತಿ ಕಾಲ ಸವಸಬ್ಯಾಡ್ರಿ. ಚಾದ ಅಂಗಡ್ಯಾಗ ಕುಂತು, ಯಾರ ಕಬ್ಬು ಇನ್ನೂ ನಿಂತೈತಿ ಅಂತ ಕೇಳ್ರಿ. ಬ್ಯಾಟಿಗಾರ ಅಲ್ಲೇ ಬರತಾನ.

ಕರ್ಯಾಕ ಮದ್ಲ ಪಂಜರದ ಹಕ್ಕಿ ಸಾಕ್ತಿದ್ರು. ಪಂಜರಕ್ಕ ಅರಿವಿ ಸುತ್ತಿ ಕತ್ತಲದಾಗ ಇಡೂದು, ಗೆದ್ದಲಿ ತಿನ್ನಸೂದು, ನಸುಕಿನ್ಯಾಗ ಹೊಲಕ್ಕ ಒಯ್ದು ಅರಿವಿ ತಗ್ಯೂದು. ಬೆಳಕ ಕಂಡ ಕೂಡಲೆ ಅದು ಕೂಗಬೇಕು. ಸುತ್ತ ಉರುಲು ಹಾಕಿರತಿದ್ರು, ಜಗಳಕ್ಕ ಬಂದದ್ದು ಕಾಲ ಸಿಗಿಬಿದ್ದು ಒದ್ದಾಡತಿತ್ತು. ಕೊಗನೊಳ್ಳಿ ಕಡೆ ನಾ ಇದ್ದಾಗ ಒಬ್ಬ ಹೆಣಮಗಳು ದಿನಾ ಒಡಕ ಗಡಿಗ್ಯಾಗ ಸಗಣಿ ತುಂಬಿ ಹುತ್ತದ ಮಗ್ಗಲ ಬೋರಲ ಹಾಕ್ತಿದ್ಲು. ಗೆದ್ದಲಿ ಹಿಡ್ಯೂ ರೀತಿ ಅದು. ಯಾರ ಸಲುವಾಗಿ ವೈನಿ ಅಂದೆ. ಕೋಳಿಮರಿಗಿರಿ ಅಂದ್ಲು. ಅಕಿ ಮನಿ ಮುಂದ ಒಂದು ಕೋಳಿ ಇಲ್ಲ, ಒಂದು ಪುಕ್ಕ ಇಲ್ಲ. ನಾ ಅಂಗಳದಾಗ ನಿಂತು ಸುಮ್ನ ಬೀಡಿ ಹಚ್ಚಿದೆ. ಒಳಗ ಕೌದಿ ಗಂಟಿನ ಹಿಂದಿಂದ ಕೌಜುಗ ತಾನ ಕೂಗ್ತು. ಅಕಿ ಗೋಡಿ ಕಡೆ ಮಾರಿ ಮಾಡಿ ನಿಂತ್ಲು, ಪಾಪ.

ಆವಾಗಿನ ರೇಂಜರ್ ಸಾಹೇಬ್ರಿಗೆ ಪೇಪರಿನ್ಯಾಗ ಫೋಟೋ ಬರೂ ಆಶಾ ಭಾಳ. ಪೇಪರಿನಾವರನ್ನ ಕರಸಿ, ನಾ ಅಕಿ ಕಡಿಂದ ಜಪ್ತ ಮಾಡಿ ತಂದ ಆ ಹಕ್ಕಿನ್ನ ನಾಲ್ಕು ಮಂದಿ ಮುಂದ ಅಡವಿಗೆ ಬಿಟ್ರು. ಸಾಹೇಬ್ರ, ಮನ್ಯಾಗ ಬೆಳದದ್ದರಿ, ಹಿಂಗ ಬಿಡಬಾರದು ಅಂತ ನಾ ಅಂದೆ. ನಿನಗೇನ್ ತಿಳೀತೈತಿ, ಹಿಂದ ಸರಿ ಅಂದ್ರು. ಹಕ್ಕಿ ಒಂದ್ ಸುತ್ತ ಹಾಕಿ ನಡಕೋಂತ ಬಂದು ಅವರ ಬೂಟಿನ ಮುಂದ ನಿಂತು ಬಾಯಿ ತೆರೀತು, ಗೆದ್ದಲಿ ಬೇಡಾಕ. ಎಲ್ಲಾರೂ ನಕ್ರು. ಸಂಜಿ ಒಳಗ ನಾಯಿ ಹಿಡದಿತ್ತು, ಪುಕ್ಕ ಅಷ್ಟ ಸಿಕ್ಕು. ಪೇಪರಿನ್ಯಾಗ ಫೋಟೋ ಮಾತ್ರ ಚಂದ ಬಂತು.

ಈಗ ಪಂಜರ ಹೋಗಿ ಮೊಬೈಲ್ ಬಂದೈತಿ. ಕಬ್ಬಿನ ಸಾಲಿನ್ಯಾಗ ಸಣ್ಣ ಸ್ಪೀಕರ್ ಇಟ್ಟು ದೂರ ಕುಂತು ಕೂಗು ಹಚ್ಚತಾರ. ಇದನ್ನ ಗುರ್ತ ಹಿಡ್ಯೂದು ಸಸಾರ. ಹಕ್ಕಿಗೆ ದಣಿವಿರತೈತಿ, ಅಂಜಿಕಿ ಇರತೈತಿ, ತಲಿ ಮ್ಯಾಲ ಗಿಡುಗ ಹಾರಿದ್ರ ಗಪ್ಪ ಆಗತೈತಿ. ಮಷೀನ್ ಗಿಡುಗ ಬಂದ್ರೂ ಕೂಗತೈತಿ, ನೀವು ಹೋಗಿ ಮಗ್ಗಲ ನಿಂತ್ರೂ ಕೂಗತೈತಿ. ರಾಯಬಾಗ ಕಡೆ ಒಮ್ಮೆ ನಾ ಸ್ಪೀಕರ್ ಎತ್ತಿ ಕಿಸೇದಾಗ ಹಾಕೊಂಡು ಬಂದೆ. ಇಟ್ಟಾವ ಮರುದಿನ ಸ್ಟೇಷನ್ನಿಗೆ ಹೋಗಿ ಕಳುವಿನ ಫಿರ್ಯಾದ ಕೊಟ್ಟ. ಇಂಥಾ ಶಾಣ್ಯಾರೂ ಅದಾರ ನಮ್ಮಲ್ಲಿ.

ಬಾಯಿಲೆ ಕರ್ಯಾವರು ಭಾಳ ಕಮ್ಮಿ. ಅವರೊಳಗ ಸುರೇಶ ಒಬ್ಬ. ಅವನ್ನ ನಾ ಮದ್ಲ ನೋಡಿದ್ದು ಕೃಷ್ಣಾ ದಂಡಿಗೆ, ಅವಗ ಇನ್ನೂ ನೌಕರಿ ಇದ್ದಿದ್ದಿಲ್ಲ. ಹಕ್ಕಿ ಕೂಗಾಕತ್ತೈತಿ ಅಂತ ಬಗ್ಗಿ ಬಗ್ಗಿ ಹೋದೆ, ನೋಡಿದ್ರ ಜಾಲಿ ಬಡ್ಡಿಗೆ ಬೆನ್ನ ಹಚ್ಚಿ ಕುಂತ ಹುಡುಗ, ಎರಡೂ ಕೈ ಬಾಯಿಗೆ ಹಿಡದಾನ. ನನ್ನ ನೋಡಿ ಎದ್ದು ನಿಂತ, ಓಡಲಿಲ್ಲ.

"ಸಾಹೇಬ್ರ, ಕೇಸ್ ಮಾಡಬ್ಯಾಡ್ರಿ. ನೌಕರಿ ಆರ್ಡರ್ ಬರೂದೈತಿ. ಪೊಲೀಸ್ ವರದಿಯೊಳಗ ಏನರೆ ಬಂತಂದ್ರ ಮುಗೀತ್ರಿ."

ಅವನ ಕೈಯಾಗ ಹಕ್ಕಿ ಇಲ್ಲ, ಬಂದೂಕಿಲ್ಲ, ಉರುಲಿಲ್ಲ. ಬರೇ ಬಾಯಿ. ಬಾಯಿ ಮ್ಯಾಲ ಏನ್ ಕೇಸ್ ಹಾಕಲಿ? ಕುಂಡ್ರು ಅಂದೆ, ಹೆಂಗ ಕರೀತಿ ತೋರ್ಸು ಅಂದೆ. ಆ ದಿವಸ ಅವ ಹೇಳಿದ್ದನ್ನ ನಾ ಸಂಬಳ ಇರೂತನಕ ಉಪಯೋಗಸಿದೆ. ಭಾಳ ಕೂಗಬಾರದ್ರಿ, ಎರಡ ಸಲ ಕೂಗಿ ಅದಕ್ಕ ಸಿಟ್ಟ ಬರಾಕ ಬಿಡಬೇಕು. ಬೆನ್ನಿಗೆ ದಪ್ಪನ ಬಡ್ಡಿ ಇರಬೇಕು, ಹಿಂದಿಂದ ಯಾರೂ ಹಕ್ಕಿ ಅಂತ ತಪ್ಪ ತಿಳೀಬಾರದು. ಕರ್ಯಾವ ಕುಂತ ಜಾಗಾ ಬಿಡಬಾರದು. ಬಿಡೂದಿದ್ರ ಬಂದೂಕ ಹಿಡದಾವಗ ಹೇಳಿ ಬಿಡಬೇಕು. ಬಂದೂಕ ಹಿಡದಾವ ಸಪ್ಪಳಕ್ಕ ಹೊಡೀಬಾರದು, ಕುತಗಿ ಕಂಡ ಮ್ಯಾಲ ಹೊಡೀಬೇಕು. ಇಷ್ಟು ಹೇಳಿ ಅವ ಒಂದು ಸಲ ಕೂಗಿದ. ಹೊಳಿ ಆಚಿ ದಂಡಿಂದ ಖರೇ ಕೌಜುಗ ತಿರುಗಿ ಬೈತು. ಇಬ್ಬರೂ ನಕ್ವಿ.

"ಈ ಸಲ ಹೋಗು," ಅಂದೆ. "ನೌಕರಿ ಸೇರಿದ ಮ್ಯಾಲ ನನ್ನ ಕೈಗೆ ಸಿಕ್ಕಿ ಅಂದ್ರ ಬಿಡಂಗಿಲ್ಲ. ಸರ್ಕಾರಿ ಮನಷ್ಯಾಗ ಸರ್ಕಾರಿ ಕಾಯ್ದೆ ಇನ್ನೂ ಬಿಗಿ."

"ಆಗ್ಲಿರಿ," ಅಂದ.

ಅವಗ ನೌಕರಿ ಬಂತು. ಲಗ್ನ ಆತು, ಹೇಣ್ತಿ ಶೋಭಾ ಡಿಗ್ರಿ ಕಲತಾಕಿ. ಬ್ಯಾಟಿ ಬಿಟ್ಟಾನ ಅಂತ ನಾ ತಿಳದಿದ್ದೆ. ಆದ್ರ ಆ ಚಟ ಹಂಗ ಬಿಡೂದಲ್ಲ. ಅಥಣಿಂದ ಶನಿವಾರ ಸಂಜಿಕ್ಕ ಹೇಣ್ತಿನ್ನ ಕರಕೊಂಡು ತ್ವಾಟಕ್ಕ ಬರತಿದ್ದ, ರವಿವಾರ ನಸುಕಿನ್ಯಾಗ ಅಣ್ಣನ ಜೋಡಿ ಹೊಲದಾಗ. ಅಣ್ಣ ಬಾಳಾಸಾಹೇಬ, ದ್ರಾಕ್ಷಿ ಕಬ್ಬು ಮಾಡೂ ದೊಡ್ಡ ಒಕ್ಕಲಿಗ. ಬೆಳಿ ಕಾಯೂ ಬಂದೂಕಿನ ಲೈಸೆನ್ಸ್ ಅವನ ಹೆಸರಿಲೆ ಇತ್ತು. ಹಂದಿ ಬೆದರಸಾಕ ಅಂತ ಕೊಡೂ ಲೈಸೆನ್ಸ್ ಅದು. ಅದರಿಂದ ಹೊಡದ ಹಂದಿ ನಾ ಒಂದೂ ನೋಡಿಲ್ಲ.

ಆ ರವಿವಾರ ನಾ ಐನಾಪುರ ಕಡೆ ಬೈಕ್ ಮ್ಯಾಲ ಹೊಂಟಿದ್ದೆ. ಸುತ್ತಲಿನ ಕಬ್ಬೆಲ್ಲ ಹೋಗಿತ್ತು, ಬಾಳಾಸಾಹೇಬಂದೊಂದ ನಿಂತಿತ್ತು. ಬಿಸಲು ಏರಾಕತ್ತಿತ್ತು. ಕೌಜುಗ ಕೂಗ್ತು, ಎರಡ ಸಲ. ಆಮ್ಯಾಲ ಗಪ್ಪ. ನಾ ಬೈಕ್ ನಿಂದ್ರಸಿದೆ. ಸ್ವಲ್ಪ ಹೊತ್ತಿಗೆ ಅದ ಕೂಗು ಹೊಲದ ಇನ್ನೊಂದು ಕಡಿಂದ ಬಂತು. ಅದರ ಬೆನ್ನಿಗೇ ಬಂದೂಕಿನ ಸಪ್ಪಳ. ಸಿಕ್ಕ್ರು ಮಕ್ಕಳು ಅಂತ ಬೈಕ್ ಜೋರ ಮಾಡಿದೆ.

ನಾ ಬದುವಿಗೆ ಬರೂದ್ರೊಳಗ ಬಾಳಾಸಾಹೇಬ ಕಬ್ಬಿನ ದಂಡಿಗೆ ನಿಂತಿದ್ದ. ಹೆಗಲ ಮ್ಯಾಲ ಬಂದೂಕು, ಧೋತರಕ್ಕ ಮಣ್ಣು, ಕೈ ತೊಳದು ಒರಸಾಕತ್ತಿದ್ದ. ಎಂದೂ ಅವ ನನ್ನ ಏನೋ ಗಾರ್ಡ್ ಅಂತಿದ್ದಾವ.

"ಬರ್ರಿ ಸಾಹೇಬ್ರ," ಅಂದ.

"ಎಂಥಾ ಸಪ್ಪಳಾರಿ ಅದು?"

"ಹಂದಿ ಹೊಕ್ಕಿದ್ವರಿ. ಗಾಳ್ಯಾಗ ಹೊಡದೆ."

"ಕೌಜುಗ ಕೂಗಿತ್ತಲ್ಲ?"

"ಈಗ ದಿನಾ ಕೂಗತಾವಲ್ರಿ."

"ಸುರೇಶ ಎಲ್ಲದಾನ?"

"ಆಫೀಸಿಗೆ ಹೋಗ್ಯಾನ್ರಿ."

"ರವಿವಾರ ಎಂಥಾ ಆಫೀಸ?"

"ಮಾರ್ಚ್ ಎಂಡ್ ಅಲ್ರಿ. ರವಿವಾರನೂ ಕರದಾರ."

ಮಾರ್ಚ್ ಎಂಡಿಗೆ ನಮ್ಮ ಆಫೀಸೂ ರವಿವಾರ ತೆರದಿರತಿತ್ತು. ನಾ ಬಂದೂಕು ಇಸಗೊಂಡು ಮೂಸಿದೆ, ಲೈಸೆನ್ಸ್ ನೋಡಿದೆ. ಬದುವಿನ ಗುಂಟ ಪುಕ್ಕ ಹುಡಕಿದೆ, ಒಂದೂ ಇಲ್ಲ. ಕಬ್ಬಿನೊಳಗ ಸ್ವಲ್ಪ ಹೊಕ್ಕು ನೋಡಿದೆ. ಬಲತ ಕಬ್ಬು ಮಲಗಿ ಒಂದರ ಮ್ಯಾಲ ಒಂದು ಬಿದ್ದಿತ್ತು, ಒಣಗಿ ಉದರಿದ ಎಲಿ, ರವದಿ, ಮೊಣಕಾಲ ಮಟ. ಕೈ ಚಾಚಿದ್ರ ಕೈ ಕಾಣಂಗಿಲ್ಲ. ನಿಂತಲ್ಲೇ ಕೂಗಿದೆ.

"ಯಾರದೀರಿ ಒಳಗ? ಹೊರಗ ಬರ್ರಿ. ನಾನಾಗಿ ಹಿಡದ್ರ ಕೇಸ್ ಬಿಗಿ ಆಗತೈತಿ ನೋಡ್ರಿ."

ಏನೂ ಇಲ್ಲ. ರವದಿ ಸುದ್ದಾ ಅಲಗಲಿಲ್ಲ.

ಹೊರಗ ಬಂದೆ. ಬಾಳಾಸಾಹೇಬ ಗುಡಸಲ ಕಡೆ ಮಾರಿ ಮಾಡಿ ಅವನ ತಾಯಿನ್ನ ಕೂಗಿದ. "ಅವ್ವಾ, ಸಾಹೇಬ್ರಿಗೆ ಮಜ್ಜಗಿ ತಾ. ಗ್ಲಾಸಿನ್ಯಾಗ ತಾ."

ಇದನ್ನ ಬಿಡಿಸಿ ಹೇಳಬೇಕು. ನಾ ಯಾವ ಓಣ್ಯಾವ ಅನ್ನೂದು ಆ ಮನಿಗೆ ಮದಲಿಂದ ಗೊತ್ತು. ಬ್ಯಾಸಗ್ಯಾಗ ನೀರ ಕೇಳಿದ್ರ ಆ ಮುದಕಿ ಮ್ಯಾಲಿಂದ ಬೊಗಸಿಗೆ ಸುರವತಿದ್ಲು. ಖಾಕಿ ಹಾಕಿದ್ರೂ ಅಷ್ಟ, ಹಾಕದಿದ್ರೂ ಅಷ್ಟ. ಆ ದಿವಸ ಮುದಕಿ ಮಗನ ಮಾರಿ ನೋಡಿದ್ಲು, ಖರೇನ ಅನ್ನೂಹಂಗ. ಅವ ಹ್ಞೂಂ ಅಂದ. ಸ್ಟೀಲ್ ಗ್ಲಾಸ್ ತಂದು ನನ್ನ ಕೈಯಾಗ ಕೊಟ್ಲು. ಬಾಳಾಸಾಹೇಬ ತನ್ನ ಹೆಗಲ ಮ್ಯಾಲಿನ ಕಂಬಳಿ ತಗದು ಬದುವಿನ ಮ್ಯಾಲ ಹಾಸಿ ಕುಂದರ್ರಿ ಅಂದ. ನಾ ಕುಂತೆ. ಮಜ್ಜಗಿ ತಂಪ ಇತ್ತು, ಶುಂಠಿ ಕೊತಂಬರಿ ಹಾಕಿದ್ರು. ಇನ್ನೊಂದು ಗ್ಲಾಸ್ ತಗೋರಿ ಅಂತ ಮುದಕಿನ ಮತ್ತ ತಂದ್ಲು. ಮಗ್ಗಲ ಕಬ್ಬಿನ್ಯಾಗ ತನ್ನ ಸಣ್ಣ ಮಗ ಬಿದ್ದಾನ ಅನ್ನೂದು ಅಕಿಗೂ ಗೊತ್ತಿದ್ದಿಲ್ಲ.

ನಾ ಎದ್ದು ಬೈಕ್ ಹತ್ತಿ ಹೋದೆ.

ಸಂಜಿಮುಂದ ಸ್ಟೇಷನ್ನಿನಿಂದ ಫೋನ್ ಬಂತು. ಸುರೇಶನ್ನ ಮೀರಜದ ದವಾಖಾನಿಗೆ ಒಯ್ಯೂ ಮುಂದ ದಾರ್‍ಯಾಗ ಪ್ರಾಣ ಹೋಗೇತಿ, ತೊಡಿ ಸಂದ್ಯಾಗ ಬಂದೂಕಿನ ಛರ್ರಿ ಗುಂಡು ಹೊಕ್ಕಾವ, ಗುಂಡ ಬಿದ್ದಾಗ ನೀವು ಅಲ್ಲೇ ಇದ್ರಂತ, ಹೇಳಿಕಿ ಕೊಡಾಕ ಬರ್ರಿ ಅಂದ್ರು. ನಂಗ ಮದ್ಲ ತಿಳೀಲೇ ಇಲ್ಲ. ಸುರೇಶ ಅಥಣ್ಯಾಗ ಅದಾನಲ್ಲ ಅಂತ ಎರಡೆರಡ ಸಲ ಕೇಳಿದೆ. ಫೋನ್ ಇಟ್ಟು ಬೈಕ್ ಹತ್ತಿ ಸ್ಟೇಷನ್ನಿಗೆ ಹೋದೆ.

ಆಗಿದ್ದು ಹಿಂಗ. ಸುರೇಶ ಎರಡ ಸಲ ಕೂಗಿದ. ಗಂಡು ಕೌಜುಗ ಗಪ್ಪ ಆತು. ಹತ್ರ ಬಂತು ಅಂತ ತಿಳದು ಅದನ್ನ ಅಣ್ಣನ ಕಡೆ ತಿರಗಸಾಕ ಅವ ಸಾಲಿನ್ಯಾಗ ಸರದು ಇನ್ನೊಂದು ದಂಡಿಗೆ ಹೋಗಿ ಕೂಗಿದ. ಅಣ್ಣಗ ಹೇಳಲಿಲ್ಲ. ಹೇಳಬೇಕಂದ್ರ ಬಾಯಿ ಬಿಚ್ಚಬೇಕು, ಬಾಯಿ ಬಿಚ್ಚಿದ್ರ ಹಕ್ಕಿ ಹೋಗತೈತಿ. ಬಾಳಾಸಾಹೇಬಗ ರವದಿ ಅಲಗಿದ್ದು ಕಂಡಿತು, ಕೂಗು ಕೇಳಸ್ತು. ಹೊಡದ. ಬೇರೇದವರಿಗೆ ಪಾಠ ಹೇಳೂ ಅಷ್ಟು ತಿಳದಾವನ ಒಂದು ಹೆಜ್ಜಿ ತಪ್ಪಿದ. ಇದ ಕಾರಣಕ್ಕ ನಿಮಗ ಹೇಳತೇನಿ, ಕೌಜುಗದ ಕೂಗು ಕೇಳಿದಲ್ಲಿ ನೀವೂ ಬಗ್ಗಿ ಬಗ್ಗಿ ಹೋಗಬ್ಯಾಡ್ರಿ. ಎದ್ದು ನಿಂತು, ಸಪ್ಪಳ ಮಾಡಿಕೋಂತ, ಮನಷ್ಯಾ ಬರಾಕತ್ತಾನ ಅಂತ ತಿಳ್ಯೂಹಂಗ ಹೋಗ್ರಿ. ಬಂದೂಕಿಗೆ ಖಾಕಿ ಯಾವುದು ಪುಕ್ಕ ಯಾವುದು ಗೊತ್ತಾಗಂಗಿಲ್ಲ.

ಉಳಿದದ್ದನ್ನ ಬಾಳಾಸಾಹೇಬನ ನಂಗ ಹೇಳಿದ. ಸ್ಟೇಷನ್ ಅಂಗಳದಾಗ ಬೇವಿನ ಗಿಡದ ಬಡ್ಡ್ಯಾಗ ಕುಂತಿದ್ದ, ಮಾರಿ ಬಾತಿತ್ತು. ನಾ ಮಗ್ಗಲ ಹೋಗಿ ಕುಂತೆ, ಯಾಕ ಹೋದೆ ಗೊತ್ತಿಲ್ಲ.

"ಅಣ್ಣಾ ಅಂತ ಸುರೇಶ ಒದರಿದ್ರಿ," ಅಂದ. "ಓಡಿ ಹೋದೆ. ಎತ್ತಿಕೊಂಡು ಜೀಪಿಗೆ ಒಯ್ಯೂದು ಅಂತ ಎತ್ತಿದೆ. ಆವಾಗ ನಿಮ್ಮ ಬೈಕ್ ಸಪ್ಪಳ ಬಂತು. ಅವನ ಅಂದ, ಗಾರ್ಡ್ ಬಂದ, ನನ್ನ ಒಳಗ ಎಳಿ ಅಂದ. ಬ್ಯಾಡೋ ರಕ್ತ ಬರಾಕತ್ತೈತಿ ಅಂದೆ. ಕಾಲಿಗೆ ಛರ್ರಿ ಬಡದಾವ, ಏನಾಗಂಗಿಲ್ಲ, ಅವ ಹೋಗೂತನಕ ಸುಮ್ನಿರು ಅಂದ. ಟವೆಲ್ ತಾನ ಬಾಯಾಗ ತುರಕೊಂಡ. ರವದಿ ಮ್ಯಾಲ ಹಾಕು ಅಂತ ಕೈ ಮಾಡಿದ."

"ಮಜ್ಜಗಿ ಯಾಕ ಕೊಡಸಿದಿ?"

"ಕುಂತ್ರ ನೀವು ಕಬ್ಬಿನೊಳಗ ಮತ್ತ ಹೋಗಂಗಿಲ್ಲ ಅಂತ್ರಿ. ಲಗೂನ ಕುಡದು ಹೋಗ್ತೀರಿ ಅನ್ಕೊಂಡೆ." ನನ್ನ ಕಡೆ ತಿರಗಿದ. "ನೀವು ಎರಡನೇ ಗ್ಲಾಸ್ ತಗೊಂಡ್ರಿ."

ನಾ ಅವನ ಕಪಾಳಕ್ಕ ಹೊಡೀಬೇಕಂತ ಕೈ ಎತ್ತಿದೆ. ಅವ ಮಾರಿ ಮುಂದ ಮಾಡಿದ. ಹೊಡೀಲಿಲ್ಲ. ಇದು ನನ್ನ ತಪ್ಪ ಅಂತ ನಂಗ ಯಾರೂ ಹೇಳಬ್ಯಾಡ್ರಿ. ನಾ ನನ್ನ ಕೆಲಸ ಮಾಡಿದೆ, ನೋಡೂದನ್ನ ನೋಡಿದೆ, ಕೂಗೂದನ್ನ ಕೂಗಿದೆ. ಆದ್ರ ನಿಮಗೊಂದು ಗುರ್ತು ಹೇಳತೇನಿ. ಎಂದೂ ನಿಮ್ಮನ್ನ ಕುಂಡ್ರಸದ ಮನ್ಯಾವರು ಕಂಬಳಿ ಹಾಸಿದ್ರ, ಕುಂದರಬ್ಯಾಡ್ರಿ. ಅಲ್ಲಿ ಏನೋ ಸಾಯಾಕತ್ತಿರತೈತಿ.

ಪಂಚನಾಮೆ ದಿವಸ ಹೊಸ ರೇಂಜರ್ ಬಂದ್ರು. ಕಬ್ಬಿನೊಳಗ ರಕ್ತ ಬಿದ್ದ ರವದಿ ಎಲ್ಲ ಕರ್ರಗಾಗಿ ಒಣಗಿತ್ತು, ನೊಣ ಮುಸರಿದ್ವು. ಅವರು ಮೂಗಿಗೆ ಕರ್ಚೀಫ್ ಹಿಡದು ಕೇಳಿದ ಮದಲನೇ ಮಾತು, ಹಕ್ಕಿ ಎಲ್ಲಿ ಅಂತ. ಹಕ್ಕಿ ಇಲ್ರಿ, ಹಕ್ಕಿ ಸತ್ತೇ ಇಲ್ಲ ಅಂದೆ. ಹಂಗಾರ ನಮ್ಮ ಕೇಸ್ ಬರಂಗಿಲ್ಲ ಅಂದ್ರು, ಜೀಪ್ ಹತ್ತಿದ್ರು. ಅಂದ್ರ ಆ ದಿವಸ ಸುರೇಶ ಹೊರಗ ಬಂದಿದ್ರೂ ಅವನ ಮ್ಯಾಲ ಗಟ್ಟಿ ಕೇಸ್ ನಿಲ್ಲತಿದ್ದಿಲ್ಲ. ಹೊಳಿ ದಂಡ್ಯಾಗ ನಿಂತಿದ್ದಿಲ್ಲ, ಇಲ್ಲೂ ನಿಲ್ಲತಿದ್ದಿಲ್ಲ. ಅದು ಅವಗ ಗೊತ್ತಿದ್ದಿಲ್ಲ. ಕಾಯ್ದೆ ನಮಗ ಅಷ್ಟ ಗೊತ್ತಿರತೈತಿ, ಅಂಜಿಕಿ ಎಲ್ಲಾರಿಗೂ ಗೊತ್ತಿರತೈತಿ.

ಅವತ್ತಿಂದ ನಾ ಕೂಗೂದನ್ನ ಬದಲ ಮಾಡಿದೆ. ಗುಂಡಿನ ಸಪ್ಪಳ ಕೇಳಿದ ಹೊಲಕ್ಕ ಹೋದ್ರ ಮದ್ಲ ಕೂಗೂದು ಒಂದ ಮಾತು. ಯಾರಿಗರೆ ಪೆಟ್ಟ ಆಗೇತೇನು, ಆಗಿದ್ರ ಒದರ್ರಿ, ಮದ್ಲ ದವಾಖಾನಿ, ಕೇಸ್ ಆಮ್ಯಾಲ. ಕನ್ನಡದಾಗೂ ಕೂಗತಿದ್ದೆ, ಮರಾಠ್ಯಾಗೂ ಕೂಗತಿದ್ದೆ. ಮಂದಿ ನಕ್ರು. ಗಾರ್ಡಗ ಹುಚ್ಚ ಹಿಡದೈತಿ ಅಂದ್ರು. ಬ್ಯಾಟಿಗಾರಿಗೆ ಓಡಾಕ ಪುರಸೊತ್ತ ಕೊಡಾಕತ್ತಿ ಅಂತ ಸಾಹೇಬ್ರು ನೋಟೀಸ್ ಕೊಟ್ರು. ಹೌದ್ರಿ, ಓಡಿದಾವ ಜೀವಂತ ಓಡ್ಯಾನಲ್ಲ ಅಂತ ಬರದು ಕೊಟ್ಟೆ. ರಾಯಬಾಗ ಕಡೆ ಒಮ್ಮೆ ಒಬ್ಬ ಖರೇನ ಹೊರಗ ಬಂದ, ಕಾಲಿಗೆ ಹಾವು ಮುಟ್ಟಿತ್ತು. ನನ್ನ ಬೈಕ್ ಮ್ಯಾಲ ದವಾಖಾನಿಗೆ ಒಯ್ದೆ, ಬದಕಿದ. ಆಮ್ಯಾಲ ಅವನ ಮ್ಯಾಲ ಕೇಸೂ ಹಾಕಿದೆ. ಅವ ನನ್ನ ಇನ್ನೂ ಬೈತಾನ, ಬೈಲಿ.

ಬಾಳಾಸಾಹೇಬನ ಕೇಸ್ ಇನ್ನೂ ಕೋರ್ಟಿನ್ಯಾಗ ನಡದೈತಿ. ಬಂದೂಕು ಸರ್ಕಾರಕ್ಕ ಹೋತು. ಮುದಕಿ ಮಗನ ಹಿಂದ ಭಾಳ ದಿವಸ ಉಳೀಲಿಲ್ಲ.

ಸುರೇಶನ ಹೇಣ್ತಿ ಶೋಭಾನ್ನ ನಾ ಆವಾಗ ಮಾತಾಡಸಲಿಲ್ಲ. ಮಾರಿ ತೋರ್ಸಾಕ ಧೈರ್ಯ ಆಗಲಿಲ್ಲ. ನನ್ನ ಅಂಜಿಕಿಗೆ ಅವ ಕೂಗಲಿಲ್ಲ, ಹೊಳಿ ದಂಡ್ಯಾಗ ಬಿಡಂಗಿಲ್ಲ ಅಂದಿದ್ದೆ ನೋಡ್ರಿ, ಅದ ಮಾತು ಅವನ ಬಾಯಿ ಮುಚ್ಚಿಸ್ತು ಅಂತ ತಿಳಕೊಂಡು ತಿರಗಿದೆ. ಈ ವರ್ಷ ಒಂದು ಕಾಗದಕ್ಕ ಸಿಕ್ಕಾ ಹಾಕಿಸಾಕ ಅಥಣಿಗೆ ಹೋಗಬೇಕಾತು. ಸುರೇಶ ಕಾರಕೂನ ಇದ್ದ ಅದ ಆಫೀಸು. ಒಳಗ ಹೋಗಿ ನೋಡಿದ್ರ ಟೇಬಲ್ ಹಿಂದ ಅಕಿ ಕುಂತಿದ್ಲು. ಕೂದಲ ಬೆಳ್ಳಗಾಗಿತ್ತು. ನನ್ನ ಗುರ್ತ ಹಿಡದ್ಲು.

"ಕುಂದರ್ರಿ ಕಾಕಾ," ಅಂದ್ಲು.

ನಾ ಕುಂದರಲಿಲ್ಲ. ನಿಂತ ಕಾಲ ಮ್ಯಾಲ ಅಂದೆ, "ನಂಗ ಅಂಜಿ ಅವ ಒದರಲಿಲ್ಲ ತಂಗಿ. ಅದೊಂದು ನನ್ನ ಹೊಟ್ಟ್ಯಾಗ ಕುಂತೈತಿ."

ಅಕಿ ಆಚಿ ಟೇಬಲ್ ಕಡೆ ಒಮ್ಮೆ ನೋಡಿದ್ಲು. ಅಲ್ಲಿ ಯಾರೂ ಇದ್ದಿದ್ದಿಲ್ಲ. ಸಣ್ಣ ದನೀಲೆ ಮಾತಾಡಿದ್ಲು.

"ನಿಮಗ ಅಂಜಿದ್ದು ಮದ್ಲ ಮದ್ಲರಿ. ಆಮ್ಯಾಲ ಅಲ್ಲ. ಜೀಪಿನ್ಯಾಗ ನನ್ನ ತೊಡಿ ಮ್ಯಾಲ ತಲಿ ಇತ್ತು. ಮೈ ತಣ್ಣಗಾಗಿತ್ತು, ಮಾತು ಬರತಿತ್ತು. ಗಾರ್ಡ್ ನನ್ನ ನೋಡಲಿಲ್ಲ ಹೌದಲ್ಲ ಅಂತ ಕೇಳಿದ್ರು. ಇಲ್ಲ ಅಂದೆ. ಸಿಕ್ಕಿದ್ರ ನೌಕರಿ ಹೋಗತಿತ್ತು ಅಂದ್ರು. ಸುಮ್ನಿರ್ರಿ ಮೀರಜ ಬಂತು ಅಂದೆ. ಸತ್ತರ ನೌಕರಿ ಹೋಗಂಗಿಲ್ಲ, ನಿನ್ನ ಹೆಸರಿಗೆ ಬರತೈತಿ, ಡಿಗ್ರಿ ಐತೆಲ್ಲ ನಿಂದು, ಅರ್ಜಿ ಲಗೂನ ಕೊಡು ಅಂದ್ರು. ಕಬ್ಬಿನೊಳಗ ಮಲಕೊಂಡು ಅದನ್ನ ಲೆಕ್ಕ ಹಾಕಿದ್ರಂತ. ಕಡೀ ಮಾತು ಅದರಿ."

ಅಕಿ ಕೈ ಚಾಚಿ ನನ್ನ ಕಾಗದ ಇಸಗೊಂಡ್ಲು, ಎರಡೂ ಕಡೆ ಓದಿದ್ಲು. ಸಿಕ್ಕಾ ಒತ್ತಿ, ಸಹಿ ಮಾಡಿ, ಕಾಗದ ನನ್ನ ಕೈಯಾಗ ಕೊಟ್ಲು. ಆಮ್ಯಾಲ ನನ್ನ ಹಿಂದ ನಿಂತಾವರನ್ನ ಬರ್ರಿ ಅಂತ ಕರದ್ಲು.